ಒಂದೇ ಗೋಲಿನ ಸೋಲನ್ನು ಬಿಡಿಸಿ ನೋಡುವ ಬಗೆ

ಫುಟ್‌ಬಾಲ್‌ನಲ್ಲಿ 4-0 ಸೋತ ಪಂದ್ಯದ ಬಗ್ಗೆ ಹೆಚ್ಚು ಮಾತು ಬೇಕಿಲ್ಲ; ಎಲ್ಲಿ ಹಾಳಾಯಿತು ಅಂತ ಎಲ್ಲರಿಗೂ ಕಂಡಿರುತ್ತದೆ. ತಲೆ ಕೆಡಿಸುವುದು ಒಂದು ಗೋಲಿನ ಸೋಲು, ಅದೂ ಎದುರಾಳಿ ಪಕ್ಕದ ರಾಜ್ಯದ ತಂಡವಾಗಿದ್ದರೆ. ಅಂಥ ರಾತ್ರಿ ಅಭಿಮಾನಿಗಳ ಗುಂಪಿನಲ್ಲಿ ಮೂರೇ ತೀರ್ಪು ಹೊರಬೀಳುತ್ತವೆ: ರೆಫ್ರಿ ಮೋಸ, ಕೋಚ್ ದಂಡ, ಅದೃಷ್ಟ ಕೆಟ್ಟಿತ್ತು. ಮೂರರಲ್ಲೂ ಅಷ್ಟಿಷ್ಟು ನಿಜ ಇರಬಹುದು. ಆದರೆ ಕಂಡುಕೊಳ್ಳಬೇಕಾದದ್ದು ಒಂದೇ. ಆ ಒಂದು ಗೋಲಿನ ಅಂತರ ಮುಂದಿನ ಸಲವೂ ಮರುಕಳಿಸುವ ದೋಷದಿಂದ ಬಂತೋ, ಇಲ್ಲಾ ಆ ದಿನಕ್ಕೆ ಬಂದು ಹೋದದ್ದೋ?

ಉದಾಹರಣೆಗೆ ಬೆಂಗಳೂರು ಎಫ್‌ಸಿ ಅಭಿಮಾನಿಗಳು ಇವತ್ತಿಗೂ ಮರೆಯದ ಪಂದ್ಯವನ್ನೇ ಇಟ್ಟುಕೊಳ್ಳೋಣ: 2018ರ ಮಾರ್ಚ್ 17, ಶ್ರೀ ಕಂಠೀರವ ಕ್ರೀಡಾಂಗಣ, ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್, ಚೆನ್ನೈಯಿನ್ ಎಫ್‌ಸಿ ಎದುರು 2-3. ಲೀಗ್ ಹಂತದ 18 ಪಂದ್ಯಗಳಲ್ಲಿ ಬೆಂಗಳೂರು 40 ಅಂಕ, ಚೆನ್ನೈಯಿನ್ 32. ಎಂಟು ಅಂಕ ಮುಂದಿದ್ದ ತಂಡ ತನ್ನದೇ ಅಂಗಳದಲ್ಲಿ ಸೋತಿತು. 9ನೇ ನಿಮಿಷದಲ್ಲಿ ಬೆಂಗಳೂರಿನ ಸುನಿಲ್ ಛೇತ್ರಿ ಹೆಡರ್, 17 ಮತ್ತು 45ರಲ್ಲಿ ಚೆನ್ನೈಯಿನ್‌ನ ಮೈಲ್ಸನ್ ಆಲ್ವೆಸ್, 67ರಲ್ಲಿ ಅವರದೇ ರಫಾಯೆಲ್ ಅಗಸ್ಟೊ, ಇಂಜುರಿ ಟೈಮ್‌ನ ಎರಡನೇ ನಿಮಿಷದಲ್ಲಿ ಬೆಂಗಳೂರಿನ ಮಿಕು. ಈ ಐದು ಗೋಲುಗಳ ಪಟ್ಟಿಯಲ್ಲೇ ಅರ್ಧ ಉತ್ತರ ಇದೆ. ಹೇಗೆಂದು ಮುಂದೆ ನೋಡೋಣ.

ಕೂರುವ ಮೊದಲು

ಪಂದ್ಯ ಮುಗಿದ ರಾತ್ರಿ ಏನನ್ನೂ ತೀರ್ಮಾನಿಸಬೇಡಿ. ಆದರೆ ನೆನಪಿನಲ್ಲಿರುವುದನ್ನು ಆ ರಾತ್ರಿಯೇ ಬರೆದಿಡಿ, ಅದರಲ್ಲೂ ಕ್ರೀಡಾಂಗಣದಲ್ಲಿ ಕೂತು ನೋಡಿದವರು. ಟಿವಿ ಕ್ಯಾಮೆರಾ ಚೆಂಡಿನ ಹಿಂದೆಯೇ ಓಡುತ್ತದೆ. ಚೆಂಡು ಎಡಗಡೆ ಇದ್ದಾಗ ಬಲಗಡೆಯ ಡಿಫೆಂಡರ್ ಎಲ್ಲಿ ನಿಂತಿದ್ದ ಎಂಬುದು ಸ್ಟ್ಯಾಂಡ್‌ನಲ್ಲಿದ್ದವರಿಗೆ ಮಾತ್ರ ಗೊತ್ತು. ಗೋಲ್ ಹಿಂದಿನ ಸ್ಟ್ಯಾಂಡ್‌ನವರಿಗೆ ತಂಡದ ಅಗಲ ಚೆನ್ನಾಗಿ ಕಾಣುತ್ತದೆ, ಮುಂದೆ-ಹಿಂದೆ ಎಷ್ಟು ಅಂತರ ಎಂಬುದು ಕಾಣುವುದಿಲ್ಲ. ಪಕ್ಕದ ಸ್ಟ್ಯಾಂಡ್‌ನವರಿಗೆ ಇದರ ಉಲ್ಟಾ. ಕಂಠೀರವದಲ್ಲಿ ಅಥ್ಲೆಟಿಕ್ ಟ್ರ್ಯಾಕ್ ನಡುವೆ ಇರುವುದರಿಂದ ಕೆಳಗಿನ ಸಾಲಿನವರ ಅಂದಾಜು ಇನ್ನಷ್ಟು ತಪ್ಪುತ್ತದೆ. ಹಾಗಾಗಿ ಯಾರು ಎಲ್ಲಿ ಕೂತಿದ್ದರು ಎಂಬುದನ್ನೂ ಟಿಪ್ಪಣಿಯ ಜೊತೆ ಬರೆಯಿರಿ.

ಬೇಕಾದ ಸಾಮಾನು ಕಡಿಮೆ: ಪೂರ್ತಿ ಪಂದ್ಯದ ರೆಕಾರ್ಡಿಂಗ್, ಒಂದು ಎಕ್ಸೆಲ್ ಶೀಟ್ ಅಥವಾ ರೂಲ್ ಹಾಕಿದ ನೋಟ್‌ಬುಕ್, ಫೋನ್‌ನ ಸ್ಟಾಪ್‌ವಾಚ್. ಹೈಲೈಟ್ಸ್ ಸಾಲದು. ಹತ್ತು ನಿಮಿಷದ ಹೈಲೈಟ್ಸ್‌ನಲ್ಲಿ ಗೋಲಾದ ಕಾರ್ನರ್ ಇರುತ್ತದೆ, ಗೋಲಾಗದ ಕಾರ್ನರ್‌ಗಳು ಇರುವುದಿಲ್ಲ. ನಮಗೆ ಎರಡೂ ಬೇಕು. ಮೂವರು ಅಥವಾ ನಾಲ್ವರು ಸೇರಿದರೆ ಸಾಕು. ಎಂಟು ಜನ ಸೇರಿದರೆ ಅದು ಹರಟೆ ಕಟ್ಟೆ. ಒಬ್ಬರಿಗೆ ಕಡ್ಡಾಯವಾಗಿ ಎದುರಾಳಿಯ ವಕೀಲಿಕೆ ಕೊಡಿ. ಅವರು ಚೆನ್ನಾಗಿ ಮಾಡಿದ ಮೂರು ಸಂಗತಿಗಳನ್ನು ನಿಮಿಷ ಸಮೇತ ಬರೆಯದೆ ಆ ವ್ಯಕ್ತಿ ಏಳುವ ಹಾಗಿಲ್ಲ. ಈ ಕೆಲಸಕ್ಕೆ ಗುಂಪಿನಲ್ಲಿ ಅತಿ ಹೆಚ್ಚು ಕೂಗಾಡುವವರನ್ನೇ ಆರಿಸಿದರೆ ಎರಡು ಲಾಭ.

ಮೊದಲ ನೋಟ: ಶಬ್ದ ಬಂದ್

ಕಾಮೆಂಟರಿ ಮ್ಯೂಟ್ ಮಾಡಿ ಪೂರ್ತಿ ಪಂದ್ಯವನ್ನು ಮಾಮೂಲಿ ವೇಗದಲ್ಲಿ ಒಮ್ಮೆ ನೋಡಿ. ಕಾಮೆಂಟೇಟರ್ ‘ಪೂರ್ತಿ ಹಿಡಿತ’ ಅಂದ ಕೂಡಲೇ ನೋಡುವವರ ಕಣ್ಣು ಅದನ್ನೇ ಹುಡುಕುತ್ತದೆ. ಈ ಸುತ್ತಿನಲ್ಲಿ ಎಣಿಕೆ ಬೇಡ. ಎರಡೂ ತಂಡ ಯಾವ ಆಕಾರದಲ್ಲಿ ನಿಂತಿವೆ, ಅದು ಯಾವ ನಿಮಿಷದಲ್ಲಿ ಬದಲಾಯಿತು, ಅಷ್ಟನ್ನು ಬರೆಯಿರಿ. ಚೆಂಡು ನಮ್ಮಲ್ಲಿದ್ದಾಗಿನ ಆಕಾರ ಬೇರೆ, ಅವರಲ್ಲಿದ್ದಾಗಿನ ಆಕಾರ ಬೇರೆ. 3-4-3 (ಹಿಂದಿನಿಂದ ಮುಂದಕ್ಕೆ ಡಿಫೆಂಡರ್, ಮಿಡ್‌ಫೀಲ್ಡರ್, ಫಾರ್ವರ್ಡ್‌ಗಳ ಸಂಖ್ಯೆ) ಎಂದು ಟಿವಿ ತೋರಿಸಿದ ತಂಡ ರಕ್ಷಣೆಗೆ ನಿಂತಾಗ 5-4-1 ಆಗಿರುವುದು ಮಾಮೂಲು. ರಿಪ್ಲೇ ತೋರಿಸುವಾಗ ಆಟ ಮುಂದುವರಿದಿದ್ದರೆ ಆ ಸೆಕೆಂಡುಗಳಿಗೆ ‘ಕಾಣಲಿಲ್ಲ’ ಎಂದೇ ಬರೆಯಿರಿ, ಊಹಿಸಿ ತುಂಬಬೇಡಿ.

ಸ್ಕೋರ್ ಪ್ರಕಾರ ಪಂದ್ಯವನ್ನು ಕತ್ತರಿಸಿ

ಹೆಚ್ಚಿನವರು ತಪ್ಪುವುದು ಇಲ್ಲೇ. 90 ನಿಮಿಷದ ಒಟ್ಟು ಅಂಕಿ ಇಟ್ಟುಕೊಂಡು ವಾದಕ್ಕಿಳಿಯುತ್ತಾರೆ: ಪೊಸೆಷನ್ (ಚೆಂಡು ನಮ್ಮಲ್ಲಿದ್ದ ಪಾಲು) ಶೇ 58, ಶಾಟ್ 16, ಆದರೂ ಸೋತೆವು. ಮುಂದಿರುವ ತಂಡ ಹಿಂದೆ ಸರಿದು ಚೆಂಡು ಬಿಟ್ಟುಕೊಡುತ್ತದೆ, ಹಿಂದಿರುವ ತಂಡಕ್ಕೆ ದೂರದಿಂದ ಒದೆಯಲು ಜಾಗ ಸಿಗುತ್ತದೆ. ಸೋತ ತಂಡದ ಶಾಟ್ ಎಣಿಕೆ ಕೊನೆಯಲ್ಲಿ ಊದಿಕೊಳ್ಳುವುದು ಈ ಕಾರಣಕ್ಕೆ.

ಹಾಗಾಗಿ ಪಂದ್ಯವನ್ನು ಹಾಫ್‌ಟೈಮ್‌ನಿಂದ ಅಲ್ಲ, ಸ್ಕೋರ್‌ನಿಂದ ಕತ್ತರಿಸಿ. 2018ರ ಫೈನಲ್ ಹೀಗೆ ತುಂಡಾಗುತ್ತದೆ: 0-0 ಒಂಬತ್ತು ನಿಮಿಷ, ಬೆಂಗಳೂರು ಮುಂದೆ ಎಂಟು ನಿಮಿಷ, 1-1 ಇಪ್ಪತ್ತೆಂಟು ನಿಮಿಷ, 1-2 ಇಪ್ಪತ್ತೆರಡು ನಿಮಿಷ, 1-3 ಸುಮಾರು ಇಪ್ಪತ್ತೈದು ನಿಮಿಷ, 2-3 ಉಳಿದ ಚೂರು. ಬೆಂಗಳೂರು ಮುಂದಿದ್ದದ್ದು ಎಂಟೇ ನಿಮಿಷ. ಸ್ಕೋರ್ ಕಾರ್ಡ್ ‘ಒಂದು ಗೋಲಿನ ಸೋಲು’ ಎನ್ನುತ್ತದೆ. ನಿಜಕ್ಕೂ ಕೊನೆಯ ಇಪ್ಪತ್ತೈದು ನಿಮಿಷ ಎರಡು ಗೋಲು ಹಿಂದಿತ್ತು, ಮಿಕು ಹೊಡೆದಾಗ ಸಮಯವೇ ಉಳಿದಿರಲಿಲ್ಲ. ಅಂತರ ಕಿರಿದಾದದ್ದು ಕೊನೆಯಲ್ಲಿ. ಪಂದ್ಯ ಕೈಬಿಟ್ಟದ್ದು 17ರಿಂದ 67ರ ನಡುವೆ. ವಿಶ್ಲೇಷಣೆಯ ಮುಕ್ಕಾಲು ಪಾಲು ಸಮಯ ಅಲ್ಲಿಗೆ ಹೋಗಬೇಕು, 92ನೇ ನಿಮಿಷದ ನಂತರದ ಗದ್ದಲಕ್ಕಲ್ಲ.

ಪ್ರತಿ ತುಂಡಿಗೂ ಎರಡೂ ತಂಡದ ಶಾಟ್, ಪೆನಾಲ್ಟಿ ಬಾಕ್ಸ್ ಒಳಗಿನ ಶಾಟ್, ಎದುರಾಳಿಯ ಕೊನೆಯ ಮೂರನೇ ಒಂದು ಭಾಗದೊಳಗೆ ನುಗ್ಗಿದ ಸಲ, ಇಷ್ಟು ಎಣಿಸಿ ನಿಮಿಷದಿಂದ ಭಾಗಿಸಿ. ಒತ್ತಡ ಅಳೆಯಬೇಕಿದ್ದರೆ ಇನ್ನೊಂದು ಲೆಕ್ಕ ಸೇರಿಸಿ. ಎದುರಾಳಿ ತನ್ನ ಕಡೆಯ ಶೇ 60ರಷ್ಟು ಮೈದಾನದಲ್ಲಿ ಕೊಟ್ಟ ಪಾಸ್‌ಗಳನ್ನು, ಅದೇ ಜಾಗದಲ್ಲಿ ನಮ್ಮವರು ಮಾಡಿದ ಟ್ಯಾಕಲ್, ಇಂಟರ್‌ಸೆಪ್ಷನ್, ಫೌಲ್‌ಗಳ ಮೊತ್ತದಿಂದ ಭಾಗಿಸಿ. ಉತ್ತರ ಎಂಟು-ಹತ್ತರ ಆಸುಪಾಸಿದ್ದರೆ ಜೋರಾಗಿ ಮೇಲೆ ಬೀಳುತ್ತಿದ್ದೇವೆ, ಹದಿನೈದು ದಾಟಿದರೆ ಹಿಂದೆ ಸರಿದು ನಿಂತಿದ್ದೇವೆ. ಇದನ್ನು ಹದಿನೈದು ಹದಿನೈದು ನಿಮಿಷಕ್ಕೆ ಮಾಡಿದರೆ ಕಾಲು ಸೋತ ನಿಮಿಷ ತಾನಾಗಿ ಎದ್ದು ಕಾಣುತ್ತದೆ.

ಎಣಿಸುವ ಮೊದಲು ಪದಗಳ ವ್ಯಾಖ್ಯೆ ಒಪ್ಪಿಕೊಳ್ಳಿ. ಬ್ಲಾಕ್ ಆದ ಶಾಟ್ ಶಾಟೇ? ಗಾಳಿಯಲ್ಲಿ ತಪ್ಪಿದ ಹೆಡರ್? ಒಂದೇ ಅರ್ಧವನ್ನು ಇಬ್ಬರು ಬೇರೆ ಬೇರೆ ಕೂತು ಎಣಿಸಲಿ. ಇಬ್ಬರ ಲೆಕ್ಕದಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ದೋಷ ಕಣ್ಣಿನದಲ್ಲ, ವ್ಯಾಖ್ಯೆಯದು.

ಗೋಲಿನಿಂದ ಹಿಂದಕ್ಕೆ ಹೋಗುವುದು

ಪ್ರತಿ ಗೋಲನ್ನೂ ಹಿಮ್ಮುಖವಾಗಿ ನೋಡಿ. ಚೆಂಡು ಬಲೆಗೆ ಬಿದ್ದ ಕ್ಷಣದಿಂದ, ನಮ್ಮ ತಂಡ ಕೊನೆಯ ಸಲ ಚೆಂಡನ್ನು ನಿರಾಳವಾಗಿ ಇಟ್ಟುಕೊಂಡಿದ್ದ ಕ್ಷಣದವರೆಗೆ. ಆ ದಾರಿಯಲ್ಲಿ ಸಾಮಾನ್ಯವಾಗಿ ನಾಲ್ಕೈದು ಕೊಂಡಿ ಸಿಗುತ್ತವೆ: ಕಳೆದುಕೊಂಡ ಪಾಸ್, ಹಿಂದಕ್ಕೆ ಓಡದ ವಿಂಗರ್, ಮುಚ್ಚದೇ ಬಿಟ್ಟ ಕ್ರಾಸ್, ಎದುರಾಳಿಯನ್ನು ಬಿಟ್ಟು ಚೆಂಡು ನೋಡುತ್ತ ನಿಂತ ಡಿಫೆಂಡರ್, ಕೀಪರ್. ಬೈಗುಳ ಬೀಳುವುದು ಕೊನೆಯ ಕೊಂಡಿಗೆ, ಯಾಕೆಂದರೆ ರಿಪ್ಲೇಯಲ್ಲಿ ಕಾಣುವುದು ಅದೊಂದೇ. ಪ್ರತಿ ಕೊಂಡಿಯ ಎದುರೂ ಬರೆಯಿರಿ: ಇಲ್ಲಿ ಬೇರೆ ಏನು ಮಾಡಬಹುದಿತ್ತು, ಮಾಡಿದ್ದರೆ ಗೋಲು ತಪ್ಪುತ್ತಿತ್ತೇ? ಎರಡನೇ ಪ್ರಶ್ನೆಗೆ ‘ಹೌದು’ ಎಂದು ಖಚಿತವಾಗಿ ಹೇಳಬಲ್ಲ ಮೊದಲ ಕೊಂಡಿಯೇ ಗೋಲಿನ ಮೂಲ.

ಅಗಸ್ಟೊ ಹೊಡೆದ ಮೂರನೆಯದಕ್ಕೆ ಈ ಕ್ರಮ ಸರಿಹೊಂದುತ್ತದೆ, ಅದು ಬಾಕ್ಸ್ ಹೊರಗಿನಿಂದ ಬಂದದ್ದು. ಅಂಥ ಗೋಲಿನಲ್ಲಿ ನೋಡಬೇಕಾದ್ದು ಕೀಪರ್‌ನ ಡೈವ್ ಅಲ್ಲ, ಡಿಫೆನ್ಸ್ ಸಾಲಿಗೂ ಮಿಡ್‌ಫೀಲ್ಡ್ ಸಾಲಿಗೂ ನಡುವೆ ಉಳಿದ ಜಾಗ. ಪಾಸ್ ಹೊರಟ ಕ್ಷಣದಲ್ಲಿ ವಿಡಿಯೊ ನಿಲ್ಲಿಸಿ. ಪೆನಾಲ್ಟಿ ಬಾಕ್ಸ್ ಆಳ 16.5 ಮೀಟರ್, ಅದನ್ನು ಅಳತೆಗೋಲು ಮಾಡಿಕೊಂಡು ಎರಡು ಸಾಲಿನ ನಡುವಿನ ದೂರ ಅಂದಾಜಿಸಿ. ಗೋಲು ಬೇಕಾಗಿ ಮುಂದಕ್ಕೆ ನುಗ್ಗಿದ ತಂಡದಲ್ಲಿ ಈ ಜಾಗ ತೆರೆದುಕೊಳ್ಳುವುದು ಸಹಜ. ಅದು ಕೈಯಾರೆ ಮಾಡಿದ ಪಣವೋ, ಎಚ್ಚರ ತಪ್ಪಿದ್ದೋ ಎಂದು ತಿಳಿಯಲು 1-1 ಇದ್ದಾಗಲೂ ಅಷ್ಟೇ ಜಾಗ ಇತ್ತೇ ನೋಡಿ.

ಕಾರ್ನರ್‌ಗೆ ಬೇರೆಯೇ ಹಾಳೆ

ಮೈಲ್ಸನ್‌ನ ಎರಡೂ ಗೋಲು ಕಾರ್ನರ್‌ನಿಂದ. ಎರಡನ್ನೂ ಒದ್ದದ್ದು ಗ್ರೆಗರಿ ನೆಲ್ಸನ್, ತಲೆ ಕೊಟ್ಟದ್ದು ಒಬ್ಬನೇ ಸೆಂಟರ್ ಬ್ಯಾಕ್. ಸಾಮಾನ್ಯವಾಗಿ ನೂರು ಕಾರ್ನರ್‌ಗೆ ಮೂರೋ ನಾಲ್ಕೋ ಗೋಲು. ಒಂದೇ ಅರ್ಧದಲ್ಲಿ, ಒಂದೇ ಜೋಡಿಯಿಂದ ಎರಡು ಬಿದ್ದರೆ ‘ಅದೃಷ್ಟ’ ಎಂಬ ಮಾತನ್ನು ಸದ್ಯಕ್ಕೆ ಬದಿಗಿಡಬೇಕು. ಹಾಗೆಂದು ‘ನಮಗೆ ಕಾರ್ನರ್ ತಡೆಯಲು ಬರುವುದೇ ಇಲ್ಲ’ ಎಂದೂ ಆಗಲೇ ಹೇಳುವಂತಿಲ್ಲ. ಅದಕ್ಕೆ ಗೋಲಾಗದ ಕಾರ್ನರ್‌ಗಳು ಬೇಕು.

ಎದುರಾಳಿಯ ಪ್ರತಿ ಕಾರ್ನರ್‌ಗೂ ಒಂದು ಸಾಲು. ಕಾಲು ಚೆಂಡಿಗೆ ತಾಗುವ ಫ್ರೇಮ್‌ನಲ್ಲಿ ನಿಲ್ಲಿಸಿ ಎಡದಿಂದ ಬಲಕ್ಕೆ ಎಣಿಸುತ್ತ ಹೋಗಿ: ಗೋಲಿನಿಂದ 5.5 ಮೀಟರ್‌ನ ಚಿಕ್ಕ ಬಾಕ್ಸ್‌ನಲ್ಲಿ ನಮ್ಮವರೆಷ್ಟು, ಹತ್ತಿರದ ಕಂಬದ ಬಳಿ ಯಾರು, ಬಾಕ್ಸ್ ಅಂಚಿನಲ್ಲಿ ಎರಡನೇ ಚೆಂಡಿಗೆ (ಮೊದಲ ಸ್ಪರ್ಶದ ನಂತರ ಚಿಮ್ಮಿ ಬರುವುದಕ್ಕೆ) ಯಾರು, ಮುಂದೆ ಎಷ್ಟು ಜನರನ್ನು ಬಿಟ್ಟಿದ್ದೇವೆ. ಆಮೇಲೆ ಚೆಂಡು ಗೋಲಿನತ್ತ ಬಾಗಿತೋ ಗೋಲಿನಿಂದಾಚೆಗೆ ಬಾಗಿತೋ, ಮೊದಲು ತಲೆ ತಾಗಿಸಿದ್ದು ಯಾರು, ಎರಡನೇ ಚೆಂಡು ಯಾರ ಪಾಲು. ‘ಮೊದಲ ಸ್ಪರ್ಶ’ ಎಂಬ ಕಾಲಂ ಉಳಿದೆಲ್ಲಕ್ಕಿಂತ ಮುಖ್ಯ. ಏಳು ಕಾರ್ನರ್‌ನಲ್ಲಿ ಐದರ ಮೊದಲ ಸ್ಪರ್ಶ ಅವರದ್ದಾಗಿದ್ದರೆ, ಗೋಲು ಎರಡೇ ಆದದ್ದು ನಮ್ಮ ಪುಣ್ಯ. ಏಳರಲ್ಲಿ ಎರಡೇ ಅವರದ್ದಾಗಿ ಆ ಎರಡೂ ಒಳಗೆ ಹೋಗಿದ್ದರೆ, ವ್ಯವಸ್ಥೆ ಪರವಾಗಿಲ್ಲ, ಆ ಎರಡು ಗಳಿಗೆಯಲ್ಲಿ ಏನಾಯಿತು ಎಂಬುದಷ್ಟೇ ಪ್ರಶ್ನೆ.

ಏನಾಯಿತು ಎಂಬುದಕ್ಕೂ ಗುರುತುಗಳಿವೆ. ಜಾಗ ಕಾಯುವ ಪದ್ಧತಿಯಲ್ಲಿ ನಮ್ಮವನು ನಿಂತಲ್ಲಿಂದ ನೆಗೆಯುತ್ತಾನೆ, ಎದುರಾಳಿ ಐದಾರು ಹೆಜ್ಜೆ ಓಡಿ ಬಂದು ನೆಗೆಯುತ್ತಾನೆ. ಎತ್ತರ ಒಂದೇ ಇದ್ದರೂ ಓಡಿ ಬಂದವನ ತಲೆ ಮೇಲಿರುತ್ತದೆ. ಇದಕ್ಕೆ ಮದ್ದು ಓಟಕ್ಕೆ ಅಡ್ಡ ನಿಲ್ಲಲು ಇಬ್ಬರನ್ನು ಇಡುವುದು. ಅವರಿದ್ದರೇ ಎಂದು ನೋಡಿ. ಆಳಿಗೆ ಆಳು ಪದ್ಧತಿ ಸೋಲುವುದು ಇನ್ನೊಂದು ರೀತಿ. ಇನ್ನೊಬ್ಬ ಎದುರಾಳಿ ನಮ್ಮ ಡಿಫೆಂಡರ್‌ಗೆ ಅಡ್ಡ ಬಂದು ನಿಲ್ಲುತ್ತಾನೆ, ಅಥವಾ ನಮ್ಮವನು ಅರ್ಧ ಸೆಕೆಂಡ್ ಚೆಂಡು ನೋಡಿ ತನ್ನ ಆಳನ್ನು ಕಳೆದುಕೊಳ್ಳುತ್ತಾನೆ. ಎರಡಕ್ಕೂ ಅಡ್ಡ ಕ್ಯಾಮೆರಾಗಿಂತ ಗೋಲ್ ಹಿಂದಿನ ಕ್ಯಾಮೆರಾದ ರಿಪ್ಲೇ ಒಳ್ಳೆಯದು. ಅರ್ಧ ವೇಗದಲ್ಲಿ, ಚೆಂಡನ್ನು ಪೂರ್ತಿ ಮರೆತು, ಗೋಲು ಹೊಡೆದವನ ಕಾಲುಗಳನ್ನಷ್ಟೇ ನೋಡುತ್ತ ಹೋಗಿ.

ನಿಯಮದ ಒಂದು ಮಾತು. ಕಾರ್ನರ್‌ನಿಂದ ನೇರ ಬಂದ ಚೆಂಡಿಗೆ ಆಫ್‌ಸೈಡ್ (ಚೆಂಡು ಹೊರಟಾಗ ಎದುರು ತಂಡದ ಕೊನೆಯಿಂದ ಎರಡನೆಯವನಿಗಿಂತ ಗೋಲಿಗೆ ಹತ್ತಿರವಿರುವುದು) ಇಲ್ಲ, ಥ್ರೋ-ಇನ್ ಮತ್ತು ಗೋಲ್ ಕಿಕ್‌ಗೂ ಇಲ್ಲ. ಆದರೆ ಅವರದೇ ಆಟಗಾರ ಚೆಂಡಿಗೆ ತಲೆ ತಾಗಿಸಿದ ಮರುಕ್ಷಣದಿಂದ ಆಫ್‌ಸೈಡ್ ಅನ್ವಯ. ಕಂಬದ ಬಳಿ ನಿಂತ ನಮ್ಮವನು ಹೊರಗೆ ಬರಲು ತಡಮಾಡಿದರೆ ಎದುರಾಳಿಗಳೆಲ್ಲ ಆನ್‌ಸೈಡ್. ಎರಡನೇ ಚೆಂಡಿನ ಗೋಲುಗಳಲ್ಲಿ ಮೊದಲು ಹುಡುಕಬೇಕಾದ್ದು ಇದು.

ಸರಿಯಾಗಿ ಒಂದು ವರ್ಷದ ನಂತರ, 2019ರ ಮಾರ್ಚ್ 17ರಂದು, ಮುಂಬೈಯಲ್ಲಿ ಬೆಂಗಳೂರು ಎಫ್‌ಸಿ ಐಎಸ್‌ಎಲ್ ಗೆದ್ದಿತು. ಎಫ್‌ಸಿ ಗೋವಾ ಎದುರು 1-0, ಹೆಚ್ಚುವರಿ ಸಮಯದ 117ನೇ ನಿಮಿಷದಲ್ಲಿ ರಾಹುಲ್ ಭೇಕೆ ಹೆಡರ್, ಅದೂ ಕಾರ್ನರ್‌ನಿಂದ. ಗೆದ್ದ ಪಂದ್ಯಕ್ಕೂ ಇದೇ ಹಾಳೆ ತುಂಬಿಸುವ ಅಭ್ಯಾಸ ಇಟ್ಟುಕೊಳ್ಳಿ. ಆಗ ಗೋವಾ ಅಭಿಮಾನಿಗಳ ಹೊಟ್ಟೆಯುರಿಯೂ ಅರ್ಥವಾಗುತ್ತದೆ.

ಅವಕಾಶಗಳ ತೂಕ

ಶಾಟ್ ಎಣಿಕೆಗಿಂತ ಶಾಟ್‌ನ ಗುಣ ಮುಖ್ಯ. ಇದನ್ನು ಅಳೆಯುವ ಎಕ್ಸ್‌ಜಿ ಅಂಕಿ (ಒಂದು ಶಾಟ್ ಗೋಲಾಗುವ ಸಾಧ್ಯತೆ, 0ಯಿಂದ 1ರೊಳಗೆ) ಈಗ ಎಲ್ಲೆಡೆ ಸಿಗುತ್ತದೆ. ಸಿಗದ ಪಂದ್ಯಕ್ಕೆ ಕೈಲೆಕ್ಕ ಹಾಕಬಹುದು, ಒರಟಾದರೂ ಉಪಯೋಗಕ್ಕೆ ಬರುತ್ತದೆ. ಪೆನಾಲ್ಟಿಗೆ 0.78. ಚಿಕ್ಕ ಬಾಕ್ಸ್‌ಗೂ 11 ಮೀಟರ್‌ನ ಪೆನಾಲ್ಟಿ ಗುರುತಿಗೂ ನಡುವೆ, ನೇರ ಎದುರಿನಿಂದ ಕಾಲಿನಲ್ಲಿ ಹೊಡೆದದ್ದಕ್ಕೆ 0.3. ಅದೇ ಜಾಗದ ಹೆಡರ್‌ಗೆ ಅದರ ಅರ್ಧಕ್ಕಿಂತ ಕಡಿಮೆ, ಪಕ್ಕದಲ್ಲಿ ಡಿಫೆಂಡರ್ ಅಂಟಿಕೊಂಡಿದ್ದರೆ 0.1. ಬಾಕ್ಸ್ ಹೊರಗಿನದಕ್ಕೆ 0.04. ದೂರದಿಂದ ಒದ್ದ ಹತ್ತು ಶಾಟ್ ಸೇರಿದರೂ ಅರ್ಧ ಗೋಲು ಆಗುವುದಿಲ್ಲ ಎಂಬುದು ಈ ಲೆಕ್ಕದಿಂದಲೇ ಕಾಣುತ್ತದೆ.

ಒಂದು ತಪ್ಪು ಎಲ್ಲರೂ ಮಾಡುತ್ತಾರೆ. ಕೀಪರ್ ತಡೆದ ಚೆಂಡು ಮರಳಿ ಬಂದು ಇನ್ನೊಬ್ಬ ಹೊಡೆದರೆ ಎರಡನ್ನೂ ಕೂಡಿಸಬಾರದು, ಒಂದು ದಾಳಿಯಲ್ಲಿ ಒಂದೇ ಗೋಲು ಸಾಧ್ಯ. ಎರಡೂ 0.35 ಅವಕಾಶಗಳಾದರೆ ಉತ್ತರ 0.70 ಅಲ್ಲ. ಎರಡೂ ತಪ್ಪುವ ಸಾಧ್ಯತೆ 0.65 × 0.65, ಅಂದರೆ 0.42, ಹಾಗಾಗಿ ಆ ದಾಳಿಯ ಬೆಲೆ 0.58.

ಮೊತ್ತದ ವ್ಯತ್ಯಾಸ ಅರ್ಧಕ್ಕಿಂತ ಕಡಿಮೆ ಇದ್ದರೆ ‘ನಾವೇ ಗೆಲ್ಲಬೇಕಿತ್ತು’ ಎನ್ನಲು ಆಧಾರವಿಲ್ಲ. ನಮ್ಮದು 1.5, ಅವರದು 1.0 ಇದ್ದರೂ ಅಂಥ ಪಂದ್ಯವನ್ನು ಸುಮಾರು ನಾಲ್ಕರಲ್ಲಿ ಒಂದು ಸಲ ನಾವು ಸೋಲುತ್ತೇವೆ. ಫುಟ್‌ಬಾಲ್‌ನಲ್ಲಿ ಗೋಲು ಅಷ್ಟು ಅಪರೂಪ. ಪೊಸೆಷನ್ ಶೇಕಡಾವಾರು ಹಿಡಿದು ಬರುವವರ ಜೊತೆ ಚಹಾ ಕುಡಿಯಿರಿ, ವಾದ ಬೇಡ.

ಶೂಟೌಟ್‌ನಲ್ಲಿ ಸೋತ ಪಂದ್ಯವನ್ನು ಡ್ರಾ ಎಂದೇ ವಿಶ್ಲೇಷಿಸಿ. 2023ರ ಫೈನಲ್‌ನಲ್ಲಿ ಬೆಂಗಳೂರು ಎಟಿಕೆ ಮೋಹನ್ ಬಾಗಾನ್ ಎದುರು 2-2 ಆಗಿ ಶೂಟೌಟ್‌ನಲ್ಲಿ 3-4 ಸೋತಿತು. ಆ ನಾಲ್ಕು ಗೋಲುಗಳಲ್ಲಿ ಮೂರು ಪೆನಾಲ್ಟಿ. ಅಲ್ಲಿ ಕೇಳಬೇಕಾದ್ದು ಐದನೇ ಕಿಕ್ ಯಾರು ಒದೆಯಬೇಕಿತ್ತು ಎಂದಲ್ಲ, 85ನೇ ನಿಮಿಷದವರೆಗೆ 2-1 ಮುಂದಿದ್ದ ತಂಡ ಪೆನಾಲ್ಟಿ ಬಿಟ್ಟುಕೊಡುವ ಟ್ಯಾಕಲ್ ಮಾಡುವ ಸ್ಥಿತಿಗೆ ಹೇಗೆ ಬಂತು ಎಂದು.

ರೆಫ್ರಿ ವಿಷಯ, ಕೊನೆಗೆ

ರೆಫ್ರಿ ಬಗ್ಗೆ ಮಾತು ಬೇಡ ಎನ್ನುವುದು ಸುಳ್ಳು ಸಭ್ಯತೆ. ಆದರೆ ಅದನ್ನು ಉಳಿದೆಲ್ಲ ಹಾಳೆ ತುಂಬಿದ ಮೇಲೆ ತೆಗೆಯಿರಿ, ಮತ್ತು ಎರಡೂ ತಂಡಕ್ಕೆ ಸಿಕ್ಕಿದ ಮತ್ತು ತಪ್ಪಿದ ತೀರ್ಪುಗಳನ್ನು ಒಂದೇ ಪಟ್ಟಿಯಲ್ಲಿ ಬರೆಯಿರಿ.

ಆಫ್‌ಸೈಡ್ ಎಂದು ಸ್ಕ್ರೀನ್‌ಶಾಟ್ ಹಾಕುವವರಿಗೆ ಒಂದು ಲೆಕ್ಕ. ಟಿವಿ ಪ್ರಸಾರದಲ್ಲಿ ಸೆಕೆಂಡಿಗೆ 25 ಫ್ರೇಮ್. ಸೆಕೆಂಡಿಗೆ 8 ಮೀಟರ್ ಓಡುವ ಸ್ಟ್ರೈಕರ್ ಒಂದು ಫ್ರೇಮ್‌ನಿಂದ ಇನ್ನೊಂದಕ್ಕೆ 32 ಸೆಂಟಿಮೀಟರ್ ಸರಿದಿರುತ್ತಾನೆ. ಡಿಫೆಂಡರ್ ಅದೇ ವೇಗದಲ್ಲಿ ಎದುರು ದಿಕ್ಕಿಗೆ ಓಡುತ್ತಿದ್ದರೆ ವ್ಯತ್ಯಾಸ 64. ಜೊತೆಗೆ ಕ್ಯಾಮೆರಾ ಓರೆಯಾಗಿದ್ದರೆ ಕಣ್ಣಳತೆಯ ಗೆರೆಯೂ ಓರೆ. ಬಾಕ್ಸ್‌ನ ಅಂಚಿನ ಗೆರೆಗೋ ಹುಲ್ಲು ಕತ್ತರಿಸಿದ ಪಟ್ಟೆಗೋ ಸಮಾನಾಂತರವಾಗಿ ಎಳೆಯದ ಗೆರೆಗೆ ಬೆಲೆಯಿಲ್ಲ. ಅರ್ಧ ಮೀಟರ್ ಒಳಗಿನ ಆಫ್‌ಸೈಡ್‌ಗೆ ‘ಹೇಳಲಾಗದು’ ಎಂದು ಬರೆದು ಮುಂದೆ ಹೋಗಿ.

ನಿಯಮ ಓದದೆ ಕೂಗಿದರೆ ಏನಾಗುತ್ತದೆ ಎಂಬುದಕ್ಕೆ 2023ರ ಮಾರ್ಚ್ 3ರ ಕಂಠೀರವದ ಪ್ಲೇಆಫ್ ಇದೆ, ಈ ಸಲ ಸೋತದ್ದು ಕೇರಳ ಬ್ಲಾಸ್ಟರ್ಸ್. ಹೆಚ್ಚುವರಿ ಸಮಯದಲ್ಲಿ ಬ್ಲಾಸ್ಟರ್ಸ್ ಆಟಗಾರರನ್ನು ಸಾಲಾಗಿ ನಿಲ್ಲಿಸಿ ಗೋಡೆ ಕಟ್ಟುತ್ತಿರುವಾಗಲೇ ಛೇತ್ರಿ ಫ್ರೀ ಕಿಕ್ ಒದ್ದು ಗೋಲು ಮಾಡಿದರು. ಕೋಚ್ ಇವಾನ್ ವುಕೊಮಾನೊವಿಚ್ ತಂಡವನ್ನು ಹೊರಗೆ ಕರೆದರು, ಪಂದ್ಯ ಬೆಂಗಳೂರಿನದಾಯಿತು, ಆಮೇಲೆ ಬ್ಲಾಸ್ಟರ್ಸ್‌ಗೆ 4 ಕೋಟಿ ರೂಪಾಯಿ ದಂಡ ಬಿತ್ತು. ನಿಯಮದ ಪ್ರಕಾರ ಫ್ರೀ ಕಿಕ್ ಬೇಗ ಒದೆಯುವ ಹಕ್ಕು ಒದೆಯುವ ತಂಡಕ್ಕಿದೆ. ಸೀಟಿಗೆ ಕಾಯಿರಿ ಎಂದು ರೆಫ್ರಿ ಸೂಚಿಸಿದ್ದರೆ ಮಾತ್ರ ಕಾಯಬೇಕು. ಹಾಗಾಗಿ ವಿಶ್ಲೇಷಣೆಯ ಪ್ರಶ್ನೆಗಳು ಎರಡು: ರೆಫ್ರಿ ಹಾಗೆ ಸೂಚಿಸಿದರೇ, ಮತ್ತು ಗೋಡೆ ಕಟ್ಟುವಾಗ ಚೆಂಡಿನ ಮುಂದೆ ಯಾರೂ ಯಾಕೆ ನಿಂತಿರಲಿಲ್ಲ. ಎರಡನೆಯದು ಮರುಕಳಿಸುವ ದೋಷ. ಮುಂದಿನ ಪಂದ್ಯಕ್ಕೆ ಉಪಯೋಗಕ್ಕೆ ಬರುವುದೂ ಅದೇ.

ಬದಲಿ ಆಟಗಾರರು

ಬದಲಾವಣೆಯ ನಿಮಿಷ, ಆಗಿನ ಸ್ಕೋರ್, ಹೋದವ, ಬಂದವ, ಆಕಾರ ಬದಲಾಯಿತೇ, ಇಷ್ಟು ಸಾಕು. ಹಳೇ ಪಂದ್ಯದ ಜೊತೆ ಹೋಲಿಸುವಾಗ ಜೋಪಾನ: 2018ರಲ್ಲಿ ಕೋಚ್ ಕೈಯಲ್ಲಿ ಮೂರೇ ಬದಲಾವಣೆ ಇದ್ದವು, ಈಗ ಐದು, ಅದೂ ಹಾಫ್‌ಟೈಮ್ ಬಿಟ್ಟು ಮೂರು ಸಲದಲ್ಲಿ ಮುಗಿಸಬೇಕು. ‘ಯಾಕೆ ತಡ ಮಾಡಿದ’ ಎನ್ನುವ ಮೊದಲು ಬೆಂಚಿನಲ್ಲಿ ಯಾರಿದ್ದರು, ಯಾರಿಗೆ ಗಾಯವಿತ್ತು ನೋಡಿ.

ಒಂದು ಪುಟ

ಎಲ್ಲ ಮುಗಿದ ಮೇಲೆ ಒಂದೇ ಪುಟ ಬರೆಯಿರಿ. ಮೇಲೆ ಸ್ಕೋರ್ ಪ್ರಕಾರದ ತುಂಡುಗಳು. ನಡುವೆ ಎರಡು ಪಟ್ಟಿ: ಮರುಕಳಿಸುವಂಥದ್ದು, ಆ ದಿನಕ್ಕೆ ಸೇರಿದ್ದು. ಮೊದಲ ಪಟ್ಟಿಯ ಪ್ರತಿ ಸಾಲಿಗೂ ಕನಿಷ್ಠ ಎರಡು ಬೇರೆ ನಿಮಿಷಗಳ ಸಾಕ್ಷಿ ಇರಬೇಕು. ಒಂದೇ ನಿಮಿಷದ ಸಾಕ್ಷಿ ಇದ್ದರೆ ಅದು ಎರಡನೇ ಪಟ್ಟಿಗೆ. ಆಟಗಾರನ ಹೆಸರಿನ ಬದಲು ಜಾಗದ ಹೆಸರು ಬಳಸಿ, ‘ಎಡ ವಿಂಗ್‌ಬ್ಯಾಕ್ ಹಿಂದಿನ ಜಾಗ’ ಎಂದು; ಹೆಸರು ಬಂದ ಕೂಡಲೇ ಚರ್ಚೆ ಜಗಳವಾಗುತ್ತದೆ.

ಕೆಳಗೆ ಮುಂದಿನ ಮೂರು ಪಂದ್ಯಗಳಲ್ಲಿ ಪರೀಕ್ಷಿಸಬಹುದಾದ ಒಂದು ಮಾತು ಬರೆಯಿರಿ: ‘ಎದುರಾಳಿಯ ಕಾರ್ನರ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳ ಮೊದಲ ಸ್ಪರ್ಶ ಅವರದೇ ಆಗಲಿದೆ’ ಎಂಬಂತೆ, ಸರಿಯೋ ತಪ್ಪೋ ಎಂದು ಎಣಿಸಿ ಹೇಳುವ ಹಾಗೆ. ಮೂರು ಪಂದ್ಯದ ನಂತರ ಅದು ಸುಳ್ಳಾಗಿದ್ದರೆ ಆ ಸಾಲನ್ನು ಹೊಡೆದುಹಾಕಿ ಎರಡನೇ ಪಟ್ಟಿಗೆ ಬರೆಯಿರಿ. ನಿಜವಾಗಿದ್ದರೆ ಪುಟವನ್ನು ಹಾಗೇ ಇಟ್ಟುಕೊಂಡು, ಅದೇ ಎದುರಾಳಿ ಮತ್ತೆ ಬಂದ ದಿನ ಅವರ ಮೊದಲ ಕಾರ್ನರ್‌ಗೆ ಮುಂಚೆ ನಮ್ಮವರು ನಿಲ್ಲುವ ಜಾಗಗಳನ್ನು ಎಣಿಸಿ.